ಅಭಯದಾನದ ಲೆಕ್ಕ: ಪ್ರಯೋಗಾಲಯದ ನಾಯಿ ಮನೆಗೆ ಬಂದಾಗ



1961ರ ಆದಾಯ ತೆರಿಗೆ ಕಾಯಿದೆಯ 36ನೆಯ ಕಲಂನಲ್ಲಿ ಹೆಚ್ಚು ಮಂದಿ ಓದದ ಒಂದು ಖಂಡವಿತ್ತು. ವ್ಯವಹಾರಕ್ಕಾಗಿ ಬಳಸಿದ, ಆದರೆ ಮಾರಾಟದ ಸರಕಲ್ಲದ ಪ್ರಾಣಿಯು ಸತ್ತರೆ ಅಥವಾ ಆ ಉದ್ದೇಶಕ್ಕೆ ಶಾಶ್ವತವಾಗಿ ನಿರುಪಯುಕ್ತವಾದರೆ, ಅದರ ಮೂಲ ಬೆಲೆಯಿಂದ ಕಳೇಬರಕ್ಕೋ ಪ್ರಾಣಿಗೋ ಬಂದ ಹಣವನ್ನು ಕಳೆದು ಉಳಿದುದನ್ನು ಖರ್ಚೆಂದು ತೋರಿಸಬಹುದು. ಕಾಯಿದೆ ಬರೆದವರ ಕಣ್ಣ ಮುಂದೆ ಗಾಡಿಯ ಎತ್ತು, ಜಟಕಾದ ಕುದುರೆ ಇದ್ದಿರಬೇಕು. ‘ಶಾಶ್ವತವಾಗಿ ನಿರುಪಯುಕ್ತ’ ಎಂಬ ಆ ಮಾತಿನ ಅರ್ಥ ಈ ಕಾಲದಲ್ಲಿ ಚೆನ್ನಾಗಿ ತಿಳಿಯುವುದು ಇನ್ನೊಂದು ಪ್ರಾಣಿಯನ್ನು ಕಂಡಾಗ. ಅದು ಔಷಧ ಪ್ರಯೋಗಾಲಯದಿಂದ ಹೊರಬಂದ ಬೀಗಲ್ ನಾಯಿ. ಲೆಕ್ಕದ ಪುಸ್ತಕ ಅದನ್ನು ಬರೆದು ಕಳೆದ ದಿನವೇ ಯಾರದೋ ಮನೆಯಲ್ಲಿ ಅದರ ಜೀವನ ಆರಂಭವಾಗಬೇಕಾಗುತ್ತದೆ.

ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದು ಬೆಳೆಸಿದ ತಳಿ. ಎತ್ತರ ಒಂದಡಿಗಿಂತ ಸ್ವಲ್ಪ ಹೆಚ್ಚು, ತೂಕ ಸುಮಾರು 10 ಕಿಲೋ, ಜೋಲುವ ಕಿವಿ, ತುದಿಯಲ್ಲಿ ಬಿಳುಪಾದ ಬಾಲ. ಗುಂಪಿನಲ್ಲಿ ಬಾಳುವ ಸ್ವಭಾವದ್ದಾದ್ದರಿಂದ ಜಗಳ ಕಡಿಮೆ. ನೋವು ಮಾಡಿದ ಕೈಯನ್ನೂ ಬೇಗನೆ ಕಚ್ಚುವುದಿಲ್ಲ. ಪ್ರಪಂಚದಾದ್ಯಂತ ಪ್ರಯೋಗಾಲಯಗಳು ನಾಯಿಗಳಲ್ಲಿ ಇದನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಈ ಸೌಮ್ಯತೆಯೇ. ಕ್ಷಮಾಗುಣವೇ ಅದಕ್ಕೆ ಶತ್ರುವಾಯಿತು.

2016ರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ 156 ಬೀಗಲ್‌ಗಳು ಬಿಡುಗಡೆಯಾದವು. ಅವುಗಳ ಹೊಣೆ ಹೊತ್ತದ್ದು ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್, ಅಂದರೆ ಬೆಂಗಳೂರಿನವರು ‘ಕುಪಾ’ ಎಂದು ಕರೆಯುವ ಸಂಸ್ಥೆ. ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಆ ನಾಯಿಗಳಿಗೆ ಒಂದೊಂದಾಗಿ ಮನೆ ಹುಡುಕಿತು. ಅಂಥ ನಾಯಿಗಳಿಗೆ ‘ಫ್ರೀಗಲ್’ ಎಂಬ ಹೆಸರೂ ಬಂದಿದೆ. ಅಮೆರಿಕದ ವರ್ಜೀನಿಯಾದಲ್ಲಿ 2022ರಲ್ಲಿ ಒಂದೇ ತಳಿಕೇಂದ್ರದಿಂದ ಸುಮಾರು 4,000 ಬೀಗಲ್‌ಗಳನ್ನು ಬಿಡಿಸಿದಾಗ ಜಗತ್ತೇ ಬೆರಗಾಯಿತು. ಬೆಂಗಳೂರಿನ ಕೆಲಸ ಅದಕ್ಕಿಂತ ಆರು ವರ್ಷ ಹಿಂದಿನದು.

ಬಿಡುಗಡೆಯೆಂಬುದು ಪ್ರಯೋಗಾಲಯದ ಕೃಪೆಯಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯಿದೆ, 1998ರ ನಿಯಮಗಳಿವೆ. ತಿದ್ದುಪಡಿಯಾದ ಆ ನಿಯಮಗಳ ಪ್ರಕಾರ, ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆಯೂ ಪುನರ್ವಸತಿಯೂ ಸಂಶೋಧಕರ ಹೊಣೆ. ಅದರ ವೆಚ್ಚ ಸಂಶೋಧನೆಯ ವೆಚ್ಚದ ಒಂದು ಭಾಗ. ಲೆಕ್ಕಪರಿಶೋಧಕರಿಗೆ ಇದು ತೀರ ಸರಳವಾದ ವಾಕ್ಯ. ಆದರೆ ಔಷಧ ಕಂಪನಿಗಳ ವಾರ್ಷಿಕ ಸಭೆಗಳಲ್ಲಿ ಲಾಭಾಂಶದ ಬಗ್ಗೆ ಎದ್ದು ನಿಲ್ಲುವ ಷೇರುದಾರರಲ್ಲಿ ಈ ವೆಚ್ಚ ಎಲ್ಲಿದೆ ಎಂದು ಕೇಳುವವರು ವಿರಳ. ಜೈನ ಷೇರುದಾರರು ಈ ದೇಶದಲ್ಲಿ ಕಡಿಮೆಯೇನಿಲ್ಲ. 2023ರಲ್ಲಿ ಭಾರತದ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ದಾರಿ ತೆರೆಯಿತು. ತೆರೆದ ದಾರಿಯಲ್ಲಿ ನಡೆಯಿರಿ ಎಂದು ಒತ್ತಾಯಿಸುವ ಹಕ್ಕು ಷೇರು ಹಿಡಿದವರಿಗಿದೆ.

ಈಗ ಕೇರಳದ ಮಾತು. ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್, ಬ್ಯಾಂಕು, ಆಸ್ಪತ್ರೆ ಎಂದು ಉದ್ಯೋಗ ಹುಡುಕಿ ಹೋದ ಕನ್ನಡ ಜೈನ ಕುಟುಂಬಗಳು ಎರಡೂ ನಗರಗಳಲ್ಲಿವೆ. ಬಹುಪಾಲು ಫ್ಲ್ಯಾಟ್ ವಾಸ. ಅಂಥ ಮನೆಯ ಮಗುವೊಂದು ಬೆಂಗಳೂರಿನ ನಾಯಿಯ ಚಿತ್ರ ತೋರಿಸಿ ಅದನ್ನು ತರೋಣ ಎಂದು ಹಟ ಹಿಡಿದರೆ ಹಿರಿಯರು ಏನು ಹೇಳಬೇಕು?

ಅಜ್ಜಿಯಿಂದ ಬರುವ ಮೊದಲ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಂಸಾಹಾರಿ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಶ್ರಾವಕಾಚಾರ ಗ್ರಂಥಗಳಿವೆ. ಬೇಟೆಗೋ ಕಾವಲಿಗೋ ಹಿಂಸೆಯ ಸಾಧನವಾಗಿ ನಾಯಿಯನ್ನು ಸಾಕುವುದು ಆ ಆಚಾರ್ಯರ ಮನಸ್ಸಿನಲ್ಲಿತ್ತು. ಅದೇ ಪರಂಪರೆಯಲ್ಲಿ ಜೀವಂಧರನ ಕಥೆಯೂ ಇದೆ. ಯಜ್ಞದ ಅನ್ನ ಮುಟ್ಟಿತೆಂದು ಹೊಡೆಸಿಕೊಂಡು ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಆ ರಾಜಕುಮಾರ ಪಂಚನಮಸ್ಕಾರವನ್ನು ಹೇಳುತ್ತಾನೆ. ನಾಯಿ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. 1424ರಲ್ಲಿ ಭಾಸ್ಕರ ಕವಿ ಈ ಕಥೆಯನ್ನು ಕನ್ನಡದ ಷಟ್ಪದಿಗೆ ತಂದ. ಜೀವಂಧರನ ಮುಂದಿದ್ದದ್ದು ನಾಯಿಯ ಕೊನೆಯ ಗಳಿಗೆ. ಪ್ರಯೋಗಾಲಯದ ಬೀಗಲ್ ಬೇಡುವುದು ಹಾಗಲ್ಲ. ಈ ತಳಿಯ ಆಯುಸ್ಸು 12ರಿಂದ 15 ವರ್ಷ. ನಾಲ್ಕು ವರ್ಷದ ನಾಯಿ ಮನೆಗೆ ಬಂದರೆ ಕನಿಷ್ಠ ಎಂಟು ವರ್ಷ ಉಳಿಯಿತು. ದಿನಕ್ಕೆ ಎರಡು ಹೊತ್ತಿನಂತೆ ಅದು ಸುಮಾರು 5,840 ಊಟ. ದಿನಕ್ಕೆ ಮೂರು ಬಾರಿ ಹೊರಗೆ ಕರೆದೊಯ್ದರೆ 8,760 ಸಲ ಬಾಗಿಲು ತೆರೆಯಬೇಕು. ಕರ್ಕಾಟಕ ಮಾಸದ ಕೇರಳದ ಮಳೆಯಲ್ಲಿಯೂ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯವನ್ನು ಸಮಾಜ ಬಹುಮಟ್ಟಿಗೆ ಒಂದು ಕ್ಷಣದ ಕ್ರಿಯೆಯೆಂದು ತಿಳಿದಿದೆ: ಕಟುಕನಿಗೆ ಹಣ ಕೊಟ್ಟು ಕುರಿಯ ಹಗ್ಗ ಬಿಚ್ಚಿಸುವುದು, ಪಂಜರದ ಬಾಗಿಲು ತೆರೆದು ಗಿಳಿಯನ್ನು ಹಾರಿಬಿಡುವುದು. ಕೊಚ್ಚಿಯ ಮಟ್ಟಾಂಚೇರಿಯ ಧರ್ಮನಾಥ ಬಸದಿಯಲ್ಲಿ ದಿನವೂ ಮಧ್ಯಾಹ್ನ ಪಾರಿವಾಳಗಳಿಗೆ ಕಾಳು ಹಾಕುವುದನ್ನು ನೋಡಲು ಪ್ರವಾಸಿಗರೂ ನಿಲ್ಲುತ್ತಾರೆ. ಸುಂದರವಾದ ಆಚರಣೆ. ಕಾಳು ಮುಗಿದ ಮೇಲೆ ಪಾರಿವಾಳ ಹಾರಿಹೋಗುತ್ತದೆ. ಯಾರ ಮನೆಯ ನೆಲವೂ ಒದ್ದೆಯಾಗುವುದಿಲ್ಲ. ಪ್ರಯೋಗಾಲಯದ ನಾಯಿಗೆ ಬಾಗಿಲು ತೆರೆದ ಕ್ಷಣದಲ್ಲಿ ಅಭಯ ಸಿಗುವುದಿಲ್ಲ, ಭಯವೇ ಹೆಚ್ಚಾಗುತ್ತದೆ. ಅದು ಕಂಡಿದ್ದು ಪಂಜರದ ನೆಲ, ವಿದ್ಯುತ್ ದೀಪ, ಕೈಗವಸು ತೊಟ್ಟ ಕೈ. ಹುಲ್ಲು ಕಾಲಿಗೆ ತಾಗಿದರೆ ಹೆದರುತ್ತದೆ. ಮೆಟ್ಟಿಲು ಹತ್ತಲು ಬರುವುದಿಲ್ಲ. ಫ್ಯಾನು, ಕುಕ್ಕರಿನ ಸೀಟಿ, ಲಿಫ್ಟಿನ ಬಾಗಿಲು ಎಲ್ಲವೂ ಹೊಸದು. ಹೆಸರಿಟ್ಟು ಕರೆದರೆ ತಿರುಗುವುದಿಲ್ಲ, ಏಕೆಂದರೆ ಅದಕ್ಕೆ ಅದುವರೆಗೆ ಇದ್ದದ್ದು ಒಂದು ಸಂಖ್ಯೆ.

ಬೆಂಗಳೂರಿನಿಂದ ಕೊಚ್ಚಿಗೆ ಸೇಲಂ, ಕೊಯಮತ್ತೂರು, ಪಾಲಕ್ಕಾಡ್ ಮಾರ್ಗವಾಗಿ ಸುಮಾರು 550 ಕಿಲೋಮೀಟರು. ತಿರುವನಂತಪುರಕ್ಕೆ ಅದರ ಮೇಲೆ ಇನ್ನೂ 200. ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿ ಕೂರಿಸಿಕೊಳ್ಳಬೇಕಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಕಾದಿರಿಸಬೇಕು. ಇಲ್ಲವಾದರೆ ಗಾರ್ಡಿನ ಬೋಗಿಯ ಪೆಟ್ಟಿಗೆ. ಪಂಜರದಿಂದ ಬಂದ ಜೀವವನ್ನು ಮತ್ತೆ ಅಂಥ ಪೆಟ್ಟಿಗೆಗೆ ತುಂಬುವುದು ಸಲ್ಲದು. ಕಾರಿನಲ್ಲಿ, ತಂಪು ಹೊತ್ತಿನಲ್ಲಿ, ಇಬ್ಬರು ಜೊತೆಗಿದ್ದು, ನಿಂತು ನಿಂತು ಬರುವುದು ಲೇಸು. ದಾರಿಯಲ್ಲಿ ಇಳಿಸುವಾಗ ಹಗ್ಗವನ್ನು ಕೊರಳಪಟ್ಟಿಗೆ ಮಾತ್ರ ಕಟ್ಟದೆ ಎದೆಪಟ್ಟಿಗೂ ಕಟ್ಟಿರಬೇಕು. ಬೆದರಿದ ಬೀಗಲ್ ಹಿಂದಕ್ಕೆ ಜಗ್ಗಿ ತಲೆಯನ್ನು ಕೊರಳಪಟ್ಟಿಯಿಂದ ನುಸುಳಿಸಿಕೊಂಡರೆ ಹೆದ್ದಾರಿಯಲ್ಲಿ ಅದನ್ನು ಹಿಡಿಯುವುದು ಯಾರಿಂದಲೂ ಆಗದು.

ಮೊದಲ ಮೂರು ದಿನ ನಾಯಿಗೆ ಏನನ್ನೂ ಕಲಿಸಬೇಕಾಗಿಲ್ಲ. ಮನೆಯ ಒಂದು ಮೂಲೆ, ಹಾಸಿಗೆ, ನೀರು. ನೆಂಟರನ್ನು ಕರೆದು ತೋರಿಸುವ ಉತ್ಸಾಹವನ್ನು ಅದುಮಬೇಕು. ಅದರೆದುರು ನಿಂತು ಬಾಗದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ಪುಸ್ತಕ ಓದುತ್ತಿರಬೇಕು. ಸಾಮಾಯಿಕಕ್ಕೆ 48 ನಿಮಿಷ ಅಲುಗಾಡದೆ ಕೂರುವ ಹಿರಿಯರಿದ್ದರೆ ಈ ಕೆಲಸಕ್ಕೆ ಅವರಿಗಿಂತ ಯೋಗ್ಯರಿಲ್ಲ! ನಾಯಿ ತಾನಾಗಿ ಬಂದು ಮೂಸಿ ಹೋಗುತ್ತದೆ. ಮೂಸಿದಾಗಲೂ ತಲೆಯ ಮೇಲೆ ಕೈಯಿಡಬಾರದು. ಮೇಲಿನಿಂದ ಬರುವ ಕೈಯೆಂದರೆ ಅದಕ್ಕೆ ಸೂಜಿಯ ನೆನಪು. ಎದೆಯ ಬಳಿ, ಕೆಳಗಿನಿಂದ, ಒಂದೇ ಕೈಯಲ್ಲಿ ಸವರಬೇಕು. ಮನೆಯಲ್ಲಿ ಈಗಾಗಲೇ ಶಾಂತವಾದ ಇನ್ನೊಂದು ನಾಯಿಯಿದ್ದರೆ ಅರ್ಧ ಪಾಠವನ್ನು ಅದೇ ಹೇಳಿಕೊಡುತ್ತದೆ.

ಶೌಚದ ಪಾಠ ಹೊತ್ತಿನ ಪಾಠ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಅಲ್ಲಿ ಕೆಲಸ ಮುಗಿಸಿದ ಎರಡು ಕ್ಷಣದೊಳಗೆ ಒಂದು ಚೂರು ತಿಂಡಿ ಕೊಡಬೇಕು. ಮನೆಗೆ ಬಂದ ಮೇಲೆ ಕೊಟ್ಟರೆ ಮನೆಗೆ ಬಂದುದಕ್ಕೆ ಬಹುಮಾನವೆಂದು ನಾಯಿ ತಿಳಿಯುತ್ತದೆ. ವರ್ಷಗಟ್ಟಲೆ ಮಲಗಿದಲ್ಲಿಯೇ ಮೂತ್ರ ಮಾಡಬೇಕಾಗಿದ್ದ ಪ್ರಾಣಿಗೆ ಇದು ತಿಂಗಳುಗಳ ಕೆಲಸ. ನೆಲ ಒದ್ದೆಯಾದರೆ ಒರೆಸಬೇಕು, ಅಷ್ಟೆ. ಮೂಗನ್ನು ಅಲ್ಲಿಗೆ ಉಜ್ಜುವ ಹಳೆಯ ಪದ್ಧತಿಯಿಂದ ನಾಯಿ ಕಲಿಯುವುದು ಮಂಚದ ಅಡಿಯಲ್ಲಿ ಕದ್ದು ಮಾಡುವುದನ್ನು.

ಕೇರಳದ ಕನ್ನಡ ಮನೆಗಳಿಗೆ ವಿಶೇಷವಾದ ಒಂದು ತೊಡಕಿದೆ. ಕನ್ನಡದಲ್ಲಿ ‘ಇರು’ ಎಂದರೆ ನಿಲ್ಲು, ಕಾಯು. ಮನೆಗೆಲಸಕ್ಕೆ ಬರುವ ಚೇಚಿ ಮಲಯಾಳದಲ್ಲಿ ‘ಇರಿ’ ಎಂದರೆ ಕುಳಿತುಕೋ. ಮಕ್ಕಳದು ಇಂಗ್ಲಿಷಿನ ಆಜ್ಞೆ. ಮೂವರೂ ಸರಿ, ನಾಯಿ ಮಾತ್ರ ದಡ್ಡ ಎನಿಸಿಕೊಳ್ಳುತ್ತದೆ. ಮನೆಮಂದಿಯೂ ಚೇಚಿಯೂ ಕುಳಿತು ಆರೇಳು ಶಬ್ದಗಳನ್ನು ಗೊತ್ತುಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ ಸಾಕು. ಭಾಷೆ ಯಾವುದಾದರೂ ಆಗಬಹುದು, ಎಲ್ಲರದೂ ಒಂದೇ ಆಗಿರಬೇಕು.

ತರಬೇತಿಯ ವಿಧಾನದಲ್ಲಿಯೇ ಅಹಿಂಸೆಯ ನಿಜವಾದ ಪರೀಕ್ಷೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಈ ಪಟ್ಟಿಯನ್ನು ನಾಯಿ ತರಬೇತಿಯ ಕೈಪಿಡಿಯೊಂದರ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲಿನಿಂದ ಹೊಡೆಯುವುದು. ಕತ್ತು ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ, ವಿದ್ಯುತ್ ಆಘಾತ ಕೊಡುವ ಪಟ್ಟಿ ಇವೆಲ್ಲ ಅಲ್ಲಿಯೇ ಸೇರುತ್ತವೆ. ಊಳಿಡುತ್ತದೆಂದು ಧ್ವನಿತಂತು ಕತ್ತರಿಸುವುದು ಛೇದ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಛೇದವೆನ್ನುವ ಶ್ರಾವಕರಿದ್ದಾರೆ. ಮನೆಯಿಲ್ಲದ ಮರಿಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ, ಅರಿವಳಿಕೆ ಕೊಟ್ಟು ವೈದ್ಯರು ಮಾಡುವ ಈ ಚಿಕಿತ್ಸೆಯ ಹಿಂಸೆ ಅಲ್ಪವೆಂಬುದೇ ಸರಿಯಾದ ನಿಲುವು. ಅತಿಭಾರವೆಂದರೆ ಬೆನ್ನಿನ ಹೊರೆಯೊಂದೇ ಆಗಬೇಕಿಲ್ಲ. ಗುಂಪಿನ ಪ್ರಾಣಿಯನ್ನು ಹತ್ತು ತಾಸು ಒಂಟಿಯಾಗಿ ಬಿಟ್ಟು ಹೋಗುವುದೂ ಹೊರಲಾರದ ಹೊರೆಯೇ. ಒಂಟಿತನವನ್ನು ನಿಮಿಷ ನಿಮಿಷವಾಗಿ ಕಲಿಸಬೇಕು: ಮೊದಲು ಬಾಗಿಲಾಚೆ ಒಂದು ನಿಮಿಷ, ಆಮೇಲೆ ಮೂರು, ಆಮೇಲೆ ಹತ್ತು.

ಬಂಧದ ವಿಷಯದಲ್ಲಿ ಗೊಂದಲ ಹೆಚ್ಚು. ಬಾಲ್ಕನಿಯ ಕಂಬಿಗೆ ಇಡೀ ದಿನ ಕಟ್ಟಿಹಾಕುವುದು ಬಂಧ, ಅದರಲ್ಲಿ ಸಂಶಯವಿಲ್ಲ. ಹಾಗೆಂದು ರಸ್ತೆಯಲ್ಲಿ ಹಗ್ಗವಿಲ್ಲದೆ ಬಿಡುವುದು ದಯೆಯಲ್ಲ. ಬೀಗಲ್‌ನ ಮೂಗು ನೆಲಕ್ಕಿಳಿದ ಮೇಲೆ ಕಿವಿ ಕೇಳಿಸುವುದಿಲ್ಲ. ಫೋರ್ಟ್ ಕೊಚ್ಚಿಯ ಮೀನುಬಲೆಗಳ ದಂಡೆಯಲ್ಲಿ ಅದನ್ನು ಹೆಸರು ಹಿಡಿದು ಕರೆದವರಿಗೆ ಇದು ತಿಳಿಯುತ್ತದೆ. ಬಯಲಿನಲ್ಲಿ ಹತ್ತು ಮೀಟರಿನ ಉದ್ದ ಹಗ್ಗ ಕಟ್ಟಿ, ಕರೆದಾಗ ಬಂದರೆ ಅದಕ್ಕೆ ಅತಿ ಇಷ್ಟವಾದ ತಿನಿಸು ಕೊಟ್ಟು, ಮತ್ತೆ ಮೂಸಲು ಬಿಡಬೇಕು. ಬಂದ ಕೂಡಲೇ ಮನೆಗೆ ಎಳೆದೊಯ್ದರೆ ಮುಂದಿನ ಸಲ ಬರುವುದಿಲ್ಲ. ಮನೆಯೊಳಗೆ ಮಡಚಿದ ಬಟ್ಟೆಯಲ್ಲಿ ತಿಂಡಿ ಬಚ್ಚಿಟ್ಟು ಹುಡುಕಿಸುವ ಆಟ ಹದಿನೈದು ನಿಮಿಷ ಆಡಿಸಿದರೆ ದೊಡ್ಡ ನಡಿಗೆಯಷ್ಟು ದಣಿಯುತ್ತದೆ, ಊಳಿಡುವುದೂ ಕಡಿಮೆಯಾಗುತ್ತದೆ.

ಅನ್ನಪಾನನಿರೋಧಕ್ಕೆ ಬಂದರೆ, ನಾಯಿಯನ್ನು ಹಸಿವಿನಲ್ಲಿಟ್ಟು ತಿಂಡಿಯ ಆಸೆಯಿಂದ ಕುಣಿಸುವ ತರಬೇತುದಾರರಿದ್ದಾರೆ. ಅದು ಬೇಕಾಗಿಲ್ಲ, ಬೀಗಲ್‌ಗೆ ಹೊಟ್ಟೆ ತುಂಬಿದ್ದರೂ ಹಸಿವು ಹೋಗದು. ದಿನದ ಊಟದಲ್ಲಿಯೇ ಒಂದು ಪಾಲು ತೆಗೆದಿಟ್ಟು ಬಹುಮಾನಕ್ಕೆ ಬಳಸಬೇಕು, ಇಲ್ಲವಾದರೆ ತೂಕ ಏರುತ್ತದೆ. ಮನೆಯವರ ಉಪವಾಸ, ಏಕಾಶನಗಳನ್ನು ಅದರ ಮೇಲೆ ಹೇರಬಾರದು. ಸಂಜೆಯ ಊಟವನ್ನು ಸೂರ್ಯಾಸ್ತಕ್ಕೆ ಮೊದಲು ಕೊಡುವುದರಿಂದ ಬಾಧಕವಿಲ್ಲ, ಆದರೆ ನೀರಿನ ಬಟ್ಟಲು ಹಗಲಿರುಳೂ ತುಂಬಿರಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಈ ಒಂದು ವಿಷಯದಲ್ಲಿ ಜೈನರ ಅಡುಗೆಮನೆ ಉಳಿದವರದಕ್ಕಿಂತ ಸುರಕ್ಷಿತ. ಒಣದ್ರಾಕ್ಷಿ ಮಾತ್ರ ಮೂತ್ರಪಿಂಡಕ್ಕೆ ಅಪಾಯ, ಪ್ರಸಾದದ ಪಾಯಸವನ್ನು ದೂರವಿಡಬೇಕು.

ಇನ್ನು ಮಾಂಸದ ಪ್ರಶ್ನೆ. ಬೆಕ್ಕು ಮಾಂಸವಿಲ್ಲದೆ ಬದುಕುವ ದೇಹವನ್ನು ಪಡೆದಿಲ್ಲ, ನಾಯಿಯದು ಹಾಗಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಅನ್ನ ರೊಟ್ಟಿ ತಿಂದು ಪಿಷ್ಟವನ್ನು ಅರಗಿಸುವ ವಂಶವಾಹಿಗಳು ಅದರಲ್ಲಿ ಹೆಚ್ಚಿವೆ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಶುವೈದ್ಯರ ಸಲಹೆಯಂತೆ ಪೋಷಕಾಂಶಗಳನ್ನು ಸರಿತೂಗಿಸಿದ ಸಸ್ಯಾಹಾರದಲ್ಲಿ ನಾಯಿಯನ್ನು ಸಾಕಬಹುದು. ಬರಿಯ ಮೊಸರನ್ನ ಅಂಥ ಆಹಾರವಲ್ಲ. ಆದರೆ ಮುಪ್ಪಿನಲ್ಲೋ ಕಾಯಿಲೆಯಲ್ಲೋ ವೈದ್ಯರು ಬೇರೆ ಆಹಾರವೇ ಬೇಕೆಂದರೆ ಏನು ಮಾಡುವುದು? ಈ ಪ್ರಶ್ನೆಗೆ ಪ್ರತಿ ಮನೆಯ ಉತ್ತರ ಬೇರೆಯಾಗಬಹುದು. ಉತ್ತರವನ್ನು ಮಾತ್ರ ದತ್ತು ಪತ್ರಕ್ಕೆ ಸಹಿ ಹಾಕುವ ಮೊದಲೇ ಮನೆಮಂದಿ ಕೂಡಿ ಕಂಡುಕೊಳ್ಳಬೇಕು. ಐದನೆಯ ವರ್ಷದಲ್ಲಿ ನಾಯಿಯನ್ನು ಹಿಂದಿರುಗಿಸುವುದಕ್ಕಿಂತ ಮೊದಲೇ ‘ಆಗದು’ ಎನ್ನುವುದು ಪ್ರಾಮಾಣಿಕ.

ಕೇರಳದ ಹವೆಯಲ್ಲಿ ಜೋಲುಗಿವಿಯ ಒಳಗೆ ತೇವ ನಿಂತು ಸೋಂಕಾಗುತ್ತದೆ. ವಾರಕ್ಕೊಮ್ಮೆ ನೋಡಿ ಒಣಗಿಸಬೇಕು. ಉಣ್ಣೆಯಿಂದ ಬರುವ ಜ್ವರ, ಮಳೆಗಾಲದ ಇಲಿಜ್ವರ ಎರಡೂ ಅಲ್ಲಿ ಸಾಮಾನ್ಯ. ಉಣ್ಣೆ ಕೀಳುವುದೂ ಔಷಧ ಹಚ್ಚುವುದೂ ಹಿಂಸೆಯಲ್ಲವೇ ಎಂಬ ಸಂಕಟ ವ್ರತಿಕರಿಗೆ ಸಹಜ. ಬೀದಿನಾಯಿಗಳ ಓಡಾಟವಿಲ್ಲದ ಹೊತ್ತು, ಹುಲ್ಲಿಲ್ಲದ ಹಾದಿ ಆರಿಸಿ ಮೊದಲೇ ತಡೆಯುವುದು ಅದಕ್ಕಿರುವ ಪರಿಹಾರ. ಹುಚ್ಚುನಾಯಿ ರೋಗದ ಲಸಿಕೆ, ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಇವು ಬಿಡುವಂಥವಲ್ಲ.

ನೋಂದಣಿಯ ಮಾತಿನ ಹಿಂದೆ ಒಂದು ಸಾವಿದೆ. 2021ರ ಜೂನ್ ಕೊನೆಯಲ್ಲಿ ತಿರುವನಂತಪುರದ ಅಡಿಮಲತುರ ಕಡಲತೀರದಲ್ಲಿ, ದೋಣಿಯ ನೆರಳಿನಲ್ಲಿ ಮಲಗಿದ್ದ ಬ್ರೂನೋ ಎಂಬ ಸಾಕುನಾಯಿಯನ್ನು ಹೊಡೆದು ಕೊಂದರು. ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎ.ಕೆ. ಜಯಶಂಕರನ್ ನಂಬಿಯಾರ್ ಮತ್ತು ಗೋಪಿನಾಥ್ ಪಿ. ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟರು. ಸಾಕುಪ್ರಾಣಿಗಳ ನೋಂದಣಿಯ ನಿರ್ದೇಶನ ಅಲ್ಲಿಂದ ಬಂತು. ಅದೇ ವರ್ಷ ನವೆಂಬರಿನಲ್ಲಿ ಅದೇ ಪೀಠ, ಫ್ಲ್ಯಾಟುಗಳಲ್ಲಿ ಸಾಕುಪ್ರಾಣಿಗಳನ್ನು ನಿಷೇಧಿಸುವ ನಿವಾಸಿ ಸಂಘಗಳ ಉಪನಿಯಮಗಳು ಕಾನೂನುಬಾಹಿರವೆಂದು ತೀರ್ಪಿತ್ತಿತು. ನೆರೆಯವರ ನೆಮ್ಮದಿಗೆ ಬೇಕಾದ ನ್ಯಾಯವಾದ ಷರತ್ತು ಹಾಕಬಹುದು, ನಿಷೇಧ ಸಲ್ಲದು. ಇಂಥ ಸಂಘಗಳ ಖಜಾಂಚಿಯ ಕುರ್ಚಿಯಲ್ಲಿ ಜೈನ ಲೆಕ್ಕಿಗರು ಕುಳಿತಿರುವುದು ಸಾಮಾನ್ಯ. ‘ನಾಯಿಗೆ ಪ್ರವೇಶವಿಲ್ಲ’ ಎಂಬ ಠರಾವಿಗೆ ಅವರ ಸಹಿಯೂ ಇದ್ದರೆ ಅದನ್ನು ತೆಗೆಸುವ ಕೆಲಸ ಅವರಿಂದಲೇ ಆರಂಭವಾಗಲಿ.

ಶಾಸಕಾಂಗದ ಮಟ್ಟದಲ್ಲಿ ಹೇಳಿಕೊಳ್ಳುವಂಥದು ಕಡಿಮೆ. 1960ರ ಕಾಯಿದೆಯಲ್ಲಿ ಪ್ರಾಣಿಯನ್ನು ಹಿಂಸಿಸಿದ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ, ಇಂದಿಗೂ ಅಷ್ಟೇ. 2022ರಲ್ಲಿ ತಿದ್ದುಪಡಿಯ ಕರಡು ಪ್ರಕಟಿಸಿ ಜನಾಭಿಪ್ರಾಯ ಕೇಳಿದರು, ಕಾಯಿದೆಯಾಗಲಿಲ್ಲ. ಹಳೆಯ ದಂಡಸಂಹಿತೆ ಪ್ರಾಣಿಯನ್ನು ಕೊಂದವನ ಶಿಕ್ಷೆಯನ್ನು ಅದರ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ನೋಡಿ ಅಳೆಯುತ್ತಿತ್ತು. ಹೊಸ ನ್ಯಾಯಸಂಹಿತೆಯ 325ನೆಯ ಕಲಂ ಆ ಬೆಲೆಪಟ್ಟಿಯನ್ನು ಕೈಬಿಟ್ಟು ಐದು ವರ್ಷದವರೆಗಿನ ಸೆರೆ ವಿಧಿಸಿದೆ. ಇದೊಂದು ಒಳ್ಳೆಯ ಬದಲಾವಣೆ. ಬೀದಿನಾಯಿಗಳ ವಿಷಯದಲ್ಲಿ ಕೇರಳದ ರಾಜಕೀಯ ಪಕ್ಷಗಳು ಕಚ್ಚಿಸಿಕೊಂಡವರ ಸಿಟ್ಟನ್ನು ಮತವಾಗಿಸುವುದರಲ್ಲಿ ತೋರಿದ ಚುರುಕನ್ನು ಸಂತಾನಹರಣ ಕೇಂದ್ರ ಕಟ್ಟುವುದರಲ್ಲಿ ತೋರಿಲ್ಲ.

ಸಮಾಜದ ಖಜಾನೆಯ ಕಡೆಗೂ ನೋಡಬೇಕು. ದಶಲಕ್ಷಣ ಪರ್ವದಲ್ಲಿ ಜೀವದಯೆಯ ಹೆಸರಿನಲ್ಲಿ ಸೇರುವ ಹಣ ಬಹುತೇಕ ಗೋಶಾಲೆ, ಪಿಂಜರಾಪೋಳಗಳಿಗೆ ಹೋಗುತ್ತದೆ. ಅದರಲ್ಲಿ ಒಂದಂಶವನ್ನು ಪ್ರಯೋಗಾಲಯದಿಂದ ಬಿಡುಗಡೆಯಾದ ಪ್ರಾಣಿಗಳ ಆರೈಕೆಗೆ, ಅವುಗಳನ್ನು ಮನೆಗೆ ತಂದ ಮಧ್ಯಮ ವರ್ಗದ ಕುಟುಂಬಗಳ ವೈದ್ಯಕೀಯ ವೆಚ್ಚಕ್ಕೆ ಮೀಸಲಿಡಲು ಬಸದಿಯ ಟ್ರಸ್ಟಿನ ಒಂದು ಠರಾವು ಸಾಕು. ದತ್ತು ಪಡೆಯಲು ಎಲ್ಲರಿಗೂ ಆಗದು. ಗಂಡಹೆಂಡಿರಿಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುವ ಮನೆ, ತಿಂಗಳಿಗೆರಡು ಸಲ ಮೂಡುಬಿದಿರೆಗೋ ಹುಬ್ಬಳ್ಳಿಗೋ ಓಡುವ ಮನೆ ನಾಯಿಯನ್ನು ತರಬಾರದು. ಆರೈಕೆ ಕೇಂದ್ರಕ್ಕೆ ಹಣ ಕಳುಹಿಸಲಿ, ರಜೆಯಲ್ಲಿ ಹೋಗಿ ಒಂದು ನಾಯಿಯನ್ನು ನಡೆದಾಡಿಸಲಿ. ನೋಂದಾಯಿತ ಸಂಸ್ಥೆಗಾದರೆ ತೆರಿಗೆ ವಿನಾಯಿತಿಯೂ ಉಂಟು, ರಸೀತಿ ಕೇಳಿ ಪಡೆಯಲಿ.

ತಂದ ಮನೆಯವರು ಕಾಯಬೇಕಾದ ಗುರುತು ಒಂದೇ. ನಾಯಿಬಾಲ ಡೊಂಕು ಎಂಬ ಗಾದೆಯನ್ನು ಕಟ್ಟಿದವರು ಪ್ರಯೋಗಾಲಯದ ಬೀಗಲನ್ನು ಕಂಡಿರಲಿಲ್ಲ. ಅದರ ಬಾಲ ಬಂದ ದಿನ ಹಿಂಗಾಲುಗಳ ನಡುವೆ ಮುದುರಿ ಹೊಟ್ಟೆಗೆ ಅಂಟಿರುತ್ತದೆ. ಮೂರು ವಾರಕ್ಕೋ ಮೂರು ತಿಂಗಳಿಗೋ, ಒಂದು ಬೆಳಗ್ಗೆ ಲಿಫ್ಟಿನಿಂದ ಹೊರಬರುವಾಗ ಬಿಳಿಯ ತುದಿಯ ಆ ಬಾಲ ಬಾವುಟದ ಹಾಗೆ ಮೇಲೆದ್ದಿರುತ್ತದೆ. ಅಂದು ಸಂಜೆಯಿಂದ ಹೊಸ ಪಾಠ ಶುರುಮಾಡಬಹುದು.